ಆಗಸ್ಟ್ 23ಕ್ಕೆ ಶಾಲೆ ಶುರು, ಮಗಳು ಹಾಸಿಗೆ ಬಿಟ್ಟು ಏಳುತ್ತಿಲ್ಲ

ಪ್ರಶ್ನೆ: ನಾವು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯವರು. ಮಗಳಿಗೆ 14 ವರ್ಷ, ಒಂಬತ್ತನೇ ತರಗತಿ. ಓದಿನಲ್ಲಿ ಮುಂದಿದ್ದಳು, ಖೋಖೋ ಚೆನ್ನಾಗಿ ಆಡುತ್ತಿದ್ದಳು. 2021ರ ಮೇ ತಿಂಗಳಲ್ಲಿ ನಮ್ಮ ಮಾವ, ಅಂದರೆ ಮಕ್ಕಳ ಅಜ್ಜ, ಕೊರೊನಾದಿಂದ ತೀರಿಕೊಂಡರು. ಮನೆಗೆ ತರಲಿಲ್ಲ, ಮಕ್ಕಳು ಮುಖ ನೋಡಲಿಲ್ಲ. ಆಗಿನಿಂದ ಇವಳು ರಾತ್ರಿ ಮೂರರವರೆಗೆ ಫೋನ್ ಹಿಡಿದಿರುತ್ತಾಳೆ, ಬೆಳಿಗ್ಗೆ ಏಳುವುದು ಹನ್ನೊಂದಕ್ಕೆ. ಸಣ್ಣ ಮಾತಿಗೂ ಸಿಡುಕು. ಪಾಠ ಅಂದರೆ ಹೊಟ್ಟೆನೋವು. ಸ್ನಾನಕ್ಕೂ ಹೇಳಿ ಕಳಿಸಬೇಕು. ಇವರ ಅಪ್ಪ ಮಾರ್ಕೆಟ್‌ನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಮನೆಗೆ ಬರುವುದು ರಾತ್ರಿ ಒಂಬತ್ತಕ್ಕೆ. ಮನೆಯಲ್ಲಿರುವ ದೊಡ್ಡ ಫೋನ್ ಅವರದ್ದೊಂದೇ. ಹೋದ ವಾರ ಅವರು ಫೋನ್ ಕಸಿದುಕೊಂಡರು. ಅವತ್ತು ಅವಳು ಊಟ ಬಿಟ್ಟು, ‘ನಾ ಇದ್ರೂ ಅಷ್ಟ, ಹೋದ್ರೂ ಅಷ್ಟ’ ಅಂದಳು. ಇದು ಮೊಬೈಲ್ ಚಟವೇ? ಕೊರೊನಾದಿಂದ ಮುಚ್ಚಿದ್ದ ಶಾಲೆ ಆಗಸ್ಟ್ 23ಕ್ಕೆ ಮತ್ತೆ ಶುರು, ಹೇಗೆ ಕಳಿಸಲಿ? ಮಾನಸಿಕ ಡಾಕ್ಟರ್ ಹತ್ತಿರ ಹೋದರೆ ಊರವರು ಏನನ್ನುತ್ತಾರೋ ಎಂಬ ಭಯವೂ ಇದೆ. ಸಣ್ಣ ಮಗನಿಗೆ 7 ವರ್ಷ, ಅವನೂ ಮತ್ತೆ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ.

ಉತ್ತರ: ತಾಯಿ, ನೀವು ಪತ್ರದಲ್ಲಿ ಫೋನನ್ನು ಮೊದಲು ಬರೆದಿದ್ದೀರಿ, ‘ಹೋದ್ರೂ ಅಷ್ಟ’ ಎಂಬ ಮಾತನ್ನು ಕೊನೆಗೆ. ನಾನು ಆ ಮಾತಿನಿಂದಲೇ ಶುರುಮಾಡುತ್ತೇನೆ. ಸಿಟ್ಟಿನಲ್ಲಿ ಅಂದಿರಬಹುದು. ಆದರೆ ಮೂರು ತಿಂಗಳಿಂದ ನಿದ್ದೆ, ಓದು, ಆಟ, ಸ್ನಾನ ಎಲ್ಲವೂ ತಪ್ಪಿರುವ ಹುಡುಗಿಯ ಬಾಯಲ್ಲಿ ಬಂದ ಇಂಥ ಮಾತನ್ನು ಸಿಟ್ಟಿನ ಲೆಕ್ಕಕ್ಕೆ ಹಾಕಿ ಬಿಡಬಾರದು.

ಇವತ್ತೇ ಮಾಡಬೇಕಾದ ಕೆಲಸ ಎರಡು. ಮೊದಲನೆಯದು ಬೀಗ. ನಿಮ್ಮ ಕಡೆ ಈಗ ಗೋವಿನಜೋಳಕ್ಕೆ ಸೈನಿಕ ಹುಳುವಿನ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಕಾಲ. ಹೊಡೆದು ಉಳಿದ ಬಾಟಲಿ ಬಚ್ಚಲ ಮೂಲೆಯಲ್ಲೋ ಅಟ್ಟದ ಮೇಲೋ ಇರುತ್ತದೆ. ಅದನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಹಾಕಿ, ಕೀಲಿಕೈ ಒಬ್ಬ ದೊಡ್ಡವರ ಹತ್ತಿರ ಮಾತ್ರ ಇರಲಿ. ಮುಂದಿನ ಸಲ ಒಂದು ಹೊಡೆತಕ್ಕೆ ಬೇಕಾದಷ್ಟನ್ನೇ ತನ್ನಿ. ಹೀಗೇ ನೋಡಬೇಕಾದ ಇನ್ನೊಂದು ಜಾಗ, ಅಜ್ಜನ ಗುಳಿಗೆ ಡಬ್ಬಿ. ವಯಸ್ಸಾದವರು ತೀರಿಕೊಂಡ ಮನೆಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳ ಪಟ್ಟಿ ತಿಂಗಳುಗಟ್ಟಲೆ ಗೂಡಿನಲ್ಲೇ ಉಳಿದಿರುತ್ತದೆ, ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಅವನ್ನೆಲ್ಲ ತೆಗೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಟ್ಟುಬಿಡಿ. ಜ್ವರದ ಗುಳಿಗೆಯೂ ಬೀಗದೊಳಗೇ ಇರಲಿ. ಹದಿಹರೆಯದಲ್ಲಿ ಸಾಯುವ ಯೋಚನೆ ಅಲೆಯಂತೆ ಏರಿ ಇಳಿಯುತ್ತದೆ. ಆ ಏರಿನ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಮಕ್ಕಳು ಉಳಿಯುತ್ತಾರೆ.

ಎರಡನೆಯದು, ನೇರವಾಗಿ ಕೇಳುವುದು. ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತಾಗುತ್ತದೆ ಎಂಬ ಅಂಜಿಕೆ ಬೇಡ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಸೊಪ್ಪು ಬಿಡಿಸುವಾಗಲೋ ಅವಳ ಜಡೆ ಹಾಕುವಾಗಲೋ, ಕಣ್ಣಿಗೆ ಕಣ್ಣು ಕೊಡದ ಹೊತ್ತಿನಲ್ಲಿ ಕೇಳಿ: ‘ಅವತ್ತು ಹೋದ್ರೂ ಅಷ್ಟ ಅಂದಿ. ಭಾಳ ಬ್ಯಾಸರಾದಾಗ ಸತ್ತು ಹೋಗಬೇಕು ಅಂತ ಅನಸತೈತೇನವ್ವಾ?’ ‘ಹ್ಞೂಂ’ ಅಂದರೆ ಬೈಯಬೇಡಿ, ಅಳಬೇಡಿ, ದೇವರ ಆಣೆ ಹಾಕಿಸಬೇಡಿ. ‘ಹೇಳಿದ್ದು ಚಲೋ ಆತು’ ಎಂದು ಹೇಳಿ, ಮುಂದಿನದನ್ನು ಮೆಲ್ಲಗೆ ಕೇಳಿ: ಎಷ್ಟು ಸಲ ಹಾಗನ್ನಿಸುತ್ತದೆ, ಹೇಗೆ ಅಂತ ಯೋಚಿಸಿದ್ದಾಳಾ, ಏನಾದರೂ ಎತ್ತಿಟ್ಟುಕೊಂಡಿದ್ದಾಳಾ. ದಾರಿ ಯೋಚಿಸಿದ್ದಾಳೆ ಎಂದಾದರೆ ಅವಳನ್ನು ಒಂದು ಕ್ಷಣವೂ ಒಬ್ಬಳೇ ಬಿಡದೆ, ಅದೇ ದಿನ ಹಾವೇರಿ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಗಾಡಿ ಇಲ್ಲದಿದ್ದರೆ 108. ಬರೀ ‘ಯಾವಾಗರೆ ಅನಸತೈತಿ’ ಅಂದರೂ ಒಂದು ವಾರದೊಳಗೆ ಡಾಕ್ಟರಿಗೆ ತೋರಿಸಬೇಕು.

ಈಗ ಫೋನಿನ ವಿಷಯ. ನೀವು ಬರೆದದ್ದರಲ್ಲೇ ಉತ್ತರದ ಅರ್ಧ ಇದೆ. ಫೋನ್ ಮನೆಗೆ ಬರುವುದೇ ರಾತ್ರಿ ಒಂಬತ್ತಕ್ಕೆ. ಊಟ ಮುಗಿದು ಅವಳ ಕೈಗೆ ಸಿಗುವುದು ಹತ್ತಕ್ಕೆ. ಶಾಲೆಯವರು ಹಗಲೆಲ್ಲ ವಾಟ್ಸ್ಆ್ಯಪ್‌ಗೆ ಹಾಕಿದ ಪಾಠ, ಹೋಂವರ್ಕ್ ಅವಳಿಗೆ ತೆರೆಯುವುದು ಆಗಲೇ. ದಿನಕ್ಕೆ ಇಷ್ಟು ಜಿಬಿ ಎಂಬ ಪ್ಯಾಕ್ ಇದ್ದರೆ ಅಪ್ಪ ಹಗಲು ಖರ್ಚು ಮಾಡಿ ಉಳಿದದ್ದು ಅವಳ ಪಾಲು. ಹೊಸ ಡೇಟಾ ಬರುವುದು ನಡುರಾತ್ರಿ 12ಕ್ಕೆ. ಹನ್ನೆರಡರವರೆಗೆ ಕಾದು ಕೂರುವ ಮಕ್ಕಳು ರಾಜ್ಯದ ತುಂಬ ಇದ್ದಾರೆ. ಗೆಳತಿಯರಿಗೂ ಫೋನ್ ಸಿಗುವುದು ಅದೇ ಹೊತ್ತಿಗೆ, ಹಾಗಾಗಿ ಹರಟೆಯೂ ಆಗಲೇ. ಇದರ ಮೇಲೆ ಮೈನೆರೆಯುವ ವಯಸ್ಸಿನಲ್ಲಿ ಮಿದುಳಿನ ಗಡಿಯಾರವೇ ಒಂದೆರಡು ತಾಸು ತಡವಾಗುತ್ತದೆ: ನಿದ್ದೆ ಬರಿಸುವ ಮೆಲಟೋನಿನ್ ದೊಡ್ಡವರಿಗಿಂತ ತಡವಾಗಿ ಸುರಿಯುತ್ತದೆ. ಶಾಲೆಯ ಗಂಟೆ ಇದ್ದಾಗ ಅದು ಹತೋಟಿಯಲ್ಲಿತ್ತು. 2020ರ ಮಾರ್ಚ್‌ನಿಂದ ಆ ಗಂಟೆಯೇ ಇಲ್ಲ, ನಡುವೆ ಕೆಲವು ವಾರ ಬಾರಿಸಿ ಈ ಏಪ್ರಿಲ್‌ನಲ್ಲಿ ಮತ್ತೆ ನಿಂತಿತು. ಇದನ್ನು ಚಟ ಎಂದು ಕರೆಯಲು ನಾನು ಒಪ್ಪುವುದಿಲ್ಲ. ನಿದ್ದೆ ಕೆಟ್ಟಿದೆ ನಿಜ, ಮನಸ್ಸೂ ಕುಗ್ಗಿದೆ ನಿಜ. ಇಡೀ ದಿನದಲ್ಲಿ ಹೊರಜಗತ್ತು ಅವಳಿಗೆ ಕಾಣುವ ಕಿಟಕಿ ಅದೊಂದೇ, ಅದನ್ನೇ ಕಸಿದಾಗ ಊಟ ಬಿಟ್ಟಳು.

ಆದರೂ ಒಂದನ್ನು ತಿಳಿದುಕೊಳ್ಳಲೇಬೇಕು: ರಾತ್ರಿ ಒಂದರಿಂದ ಮೂರರವರೆಗೆ ಅವಳು ಏನು ನೋಡುತ್ತಾಳೆ, ಯಾರ ಜೊತೆ ಮಾತಾಡುತ್ತಾಳೆ? ಫೋನ್ ತಡಕಾಡಬೇಡಿ, ಅವಳನ್ನೇ ಕೇಳಿ. ಯಾರೋ ಫೋಟೋ ಕಳಿಸೆಂದು ಪೀಡಿಸುತ್ತಿರಬಹುದು, ತರಗತಿಯ ಗ್ರೂಪಿನಲ್ಲಿ ಅಣಕಿಸುತ್ತಿರಬಹುದು. ಅಂಥದ್ದಿದ್ದರೆ ಅಳಿಸದೆ ಹಾಗೇ ಇಟ್ಟುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ. ‘ಏನೇ ಇದ್ದರೂ ನಿನಗೆ ಬೈಯುವುದಿಲ್ಲ, ಫೋನೂ ಕಸಿಯುವುದಿಲ್ಲ’ ಎಂಬ ಮಾತು ಕೊಟ್ಟ ಮೇಲೆಯೇ ಮಕ್ಕಳು ಇದನ್ನು ಬಾಯಿಬಿಡುವುದು. ಕೊಟ್ಟ ಮೇಲೆ ತಪ್ಪಬಾರದು.

ಇನ್ನು ಅಜ್ಜ. ಈ ಉತ್ತರ ಬರೆಯುತ್ತಿರುವುದು 2021ರ ಆಗಸ್ಟ್ 11ರಂದು. ನಾಡಿದ್ದು ಶುಕ್ರವಾರ ನಾಗರಪಂಚಮಿ. ನಿಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ, ಜೋಕಾಲಿಯ ಹಬ್ಬ. ಮನೆಯಲ್ಲಿ ಜೋಕಾಲಿ ಕಟ್ಟುವುದು, ಹಗ್ಗ ಜಗ್ಗಿ ಗಟ್ಟಿ ನೋಡುವುದು ಹೆಚ್ಚಾಗಿ ಅಜ್ಜಂದಿರ ಕೆಲಸ. ಈ ವರ್ಷ ಸಾವಾದ ಮನೆ, ಹಬ್ಬ ಇಲ್ಲ ಎಂದು ನೀವು ತೀರ್ಮಾನಿಸಿರಬಹುದು, ಅದು ನಿಮ್ಮ ಮನೆತನದ ನಡೆ. ಆದರೆ ಹಬ್ಬ ಮಾಡದಿದ್ದರೂ ಮಾತು ಆಡಬಹುದು. ‘ಅಜ್ಜ ಇದ್ದಿದ್ರ ಈ ಹೊತ್ತಿಗೆ ಹಗ್ಗ ಹುಡುಕತಿದ್ದ’ ಎಂದು ನೀವೇ ಮೊದಲು ಅನ್ನಿ. ದೊಡ್ಡವರು ಆ ಹೆಸರು ಎತ್ತದಿದ್ದರೆ, ಎತ್ತಬಾರದೇನೋ ಎಂದುಕೊಂಡು ಮಕ್ಕಳು ನುಂಗುತ್ತಾರೆ.

ಮುಖ ನೋಡಲಿಲ್ಲ, ಮಣ್ಣಿಗೆ ಹೋಗಲಿಲ್ಲ, ನಾಲ್ಕು ಜನ ಬಂದು ಅತ್ತು ಹೋಗಲಿಲ್ಲ. ಸಾವನ್ನು ಮನಸ್ಸು ಒಪ್ಪಿಕೊಳ್ಳಲು ನಮ್ಮಲ್ಲಿ ಇದ್ದ ದಾರಿಗಳೆಲ್ಲ ಈ ಕೊರೊನಾ ಅಲೆಯಲ್ಲಿ ಮುಚ್ಚಿಹೋದವು. ಅದರಲ್ಲಿ ಕೆಲವನ್ನು ಈಗಲೂ ತೆರೆಯಬಹುದು: ಅವಳ ಕೈಯಿಂದಲೇ ಅಜ್ಜನ ಫೋಟೋಕ್ಕೆ ಹೂವು, ಅವರಿಗೆ ಇಷ್ಟವಾದ ಶೇಂಗಾ ಉಂಡಿಯೋ ತಂಬಿಟ್ಟೋ ಮಾಡಿ ನೆರೆಯ ನಾಲ್ಕು ಮನೆಗೆ ಕೊಡುವುದು, ಅಜ್ಜನನ್ನು ಇಟ್ಟ ಜಾಗಕ್ಕೆ ಒಮ್ಮೆ ಕರೆದುಕೊಂಡು ಹೋಗಿಬರುವುದು, ಅವರ ಟವೆಲ್ಲೋ ಊರುಗೋಲೋ ಅವಳ ಹತ್ತಿರ ಇಟ್ಟುಕೊಳ್ಳಲು ಕೊಡುವುದು. ‘ಮೊಮ್ಮಕ್ಕಳಿಗೆ ಅಷ್ಟೇನು ದುಃಖ’ ಎನ್ನುವವರಿಗೆ ಕಿವಿಗೊಡಬೇಡಿ. ಹೋದ ತಿಂಗಳು ಪ್ರಕಟವಾದ ಜಾಗತಿಕ ಲೆಕ್ಕದಲ್ಲಿ, ಈ ಏಪ್ರಿಲ್ ಅಂತ್ಯದವರೆಗೆ ಹೆತ್ತವರನ್ನೋ ಸಾಕುವ ಅಜ್ಜ-ಅಜ್ಜಿಯರನ್ನೋ ಕಳೆದುಕೊಂಡ ಮಕ್ಕಳು 15 ಲಕ್ಷಕ್ಕೂ ಹೆಚ್ಚು. ಅಜ್ಜ-ಅಜ್ಜಿಯರನ್ನು ಆ ಲೆಕ್ಕಕ್ಕೆ ಸೇರಿಸಿದ್ದು ಸುಮ್ಮನೆ ಅಲ್ಲ.

ಇಲ್ಲಿ ಒಂದು ಮುಳ್ಳನ್ನು ವಿಶೇಷವಾಗಿ ಹುಡುಕಿ. ‘ನನ್ನಿಂದಲೇ ಅಜ್ಜನಿಗೆ ಬಂತೇನೋ’ ಎಂಬ ಗುಟ್ಟಿನ ಅಪರಾಧ ಭಾವ ಈ ರೋಗದಲ್ಲಿ ಮಕ್ಕಳಲ್ಲಿ ಬಹಳ. ಏಪ್ರಿಲ್‌ನಲ್ಲಿ ಗೆಳತಿಯ ಮನೆಗೆ ಹೋಗಿದ್ದು, ಎರಡು ದಿನ ಕೆಮ್ಮಿದ್ದು, ಅಜ್ಜನ ಪಕ್ಕ ಕೂತು ಟಿವಿ ನೋಡಿದ್ದು, ಇವನ್ನೆಲ್ಲ ಜೋಡಿಸಿ ತಾನೇ ಕೊಂದೆ ಎಂದು ತೀರ್ಪು ಕೊಟ್ಟುಕೊಂಡಿರುತ್ತಾರೆ. ‘ಛೇ, ಹಾಗೇನಿಲ್ಲ’ ಎಂದು ಬಾಯಿ ಮುಚ್ಚಿಸಿದರೆ ಅದು ಒಳಗೇ ಉಳಿಯುತ್ತದೆ. ಪೂರ್ತಿ ಹೇಳಲು ಬಿಡಿ. ಆಮೇಲೆ ಹೇಳಿ: ಆ ತಿಂಗಳು ಅಪ್ಪ ಮಾರ್ಕೆಟ್‌ಗೆ ಹೋಗುತ್ತಿದ್ದರು, ನಾನು ಸಂತೆಗೆ ಹೋಗಿದ್ದೆ, ಅಜ್ಜನೂ ಕಟ್ಟೆಗೆ ಹೋಗುತ್ತಿದ್ದರು, ಯಾರಿಂದ ಬಂತೆಂದು ಯಾವ ಡಾಕ್ಟರೂ ಹೇಳಲಾರರು, ಯಾರೂ ಬೇಕೆಂದು ತರಲಿಲ್ಲ.

ದುಃಖವೋ ಖಿನ್ನತೆಯೋ ಎಂದು ಹೇಗೆ ತಿಳಿಯುವುದು? ದುಃಖ ಬಂದು ಹೋಗುತ್ತದೆ, ನಡುವೆ ನಗು, ಹಸಿವು, ಆಟ ಇರುತ್ತದೆ. ಖಿನ್ನತೆಯಲ್ಲಿ ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ಪ್ರತಿದಿನ ಯಾವುದರಲ್ಲೂ ರುಚಿ ಇರುವುದಿಲ್ಲ. ಜೊತೆಗೆ ನಿದ್ದೆ, ಹಸಿವು, ಗಮನ, ಶಕ್ತಿ ಕೆಡುತ್ತವೆ, ತಾನು ಕೆಲಸಕ್ಕೆ ಬಾರದವಳು ಎನ್ನಿಸುತ್ತದೆ, ಸಾವಿನ ಯೋಚನೆ ಬರುತ್ತದೆ. ಹದಿಹರೆಯದಲ್ಲಿ ಇದು ಅಳುವಿಗಿಂತ ಸಿಡುಕಾಗಿ ಹೊರಬರುತ್ತದೆ. ಮನೆಯವರು ‘ಸೊಕ್ಕು’ ಎಂದು ತಪ್ಪು ತಿಳಿಯುವುದು ಇಲ್ಲಿಯೇ. ನೀವು ಬರೆದದ್ದನ್ನು ಓದಿದರೆ ನನ್ನ ಅನುಮಾನ ಖಿನ್ನತೆಯ ಕಡೆಗೇ ವಾಲುತ್ತದೆ. ಖಚಿತ ಮಾಡುವುದು ಎದುರು ಕೂತು ನೋಡಿದ ಡಾಕ್ಟರೇ. ಅವಳೊಬ್ಬಳದೇ ಕಥೆಯೂ ಅಲ್ಲ. ಇದೇ ಸೋಮವಾರ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 29 ಅಧ್ಯಯನಗಳ 80,879 ಮಕ್ಕಳನ್ನು ಒಟ್ಟಿಗೆ ನೋಡಿದೆ: ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣ, ಐವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣ. ಕೊರೊನಾಕ್ಕೆ ಮುಂಚಿನ ಅಂದಾಜಿಗೆ ಹೋಲಿಸಿದರೆ ಸುಮಾರು ದುಪ್ಪಟ್ಟು. ಇವು ಪ್ರಶ್ನಾವಳಿಯಲ್ಲಿ ಕಂಡ ಲಕ್ಷಣಗಳು, ಅಷ್ಟೂ ಮಕ್ಕಳಿಗೆ ಕಾಯಿಲೆಯೇ ಇದೆ ಎಂದಲ್ಲ.

ಇನ್ನು ನಿದ್ದೆ. ಇದಕ್ಕೆ ನಿಮ್ಮ ಬಳಿ ಸರಿಯಾಗಿ 12 ದಿನ ಇವೆ, ಅಷ್ಟು ಸಾಕು. ಎಲ್ಲರೂ ತಪ್ಪುವುದು ‘ಬೇಗ ಮಲಗು’ ಎಂದು ಹಟ ಹಿಡಿದು. ನಿದ್ದೆ ಬಾರದೆ ಹಾಸಿಗೆಯಲ್ಲಿ ಹೊರಳಾಡಿದರೆ ಹಾಸಿಗೆಯ ಮೇಲೇ ದ್ವೇಷ ಹುಟ್ಟುತ್ತದೆ. ಮಲಗುವುದನ್ನು ಬಿಟ್ಟು ಏಳುವುದನ್ನು ಹಿಡಿಯಿರಿ. ಎರಡು ದಿನಕ್ಕೆ ಅರ್ಧ ತಾಸು ಹಿಂದಕ್ಕೆ: ಇವತ್ತು, ನಾಳೆ 10:30, 13, 14ಕ್ಕೆ 10, 15, 16ಕ್ಕೆ 9:30, 17, 18ಕ್ಕೆ 9, 19, 20ಕ್ಕೆ 8:30, 21, 22ಕ್ಕೆ 8. ತರಗತಿ 10ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಬಿಡುವುದರಿಂದ ಸದ್ಯಕ್ಕೆ 8 ಸಾಕು. ಎದ್ದ ಹತ್ತು ನಿಮಿಷದೊಳಗೆ ಅಂಗಳದ ಬೆಳಕಿಗೆ ಬರಬೇಕು, ಮೋಡ ಇದ್ದರೂ ಸರಿ, ಅರ್ಧ ತಾಸು. ಚಹಾವನ್ನು ಕಟ್ಟೆಯ ಮೇಲೇ ಕೊಡಿ. ಮಿದುಳಿನ ಗಡಿಯಾರವನ್ನು ತಿರುಗಿಸುವುದು ಈ ಬೆಳಕು. ಮಧ್ಯಾಹ್ನ ಮಲಗಿದರೆ 20 ನಿಮಿಷ, ಮೂರರ ಮೇಲೆ ಬೇಡ. ಸಂಜೆ ಐದರ ನಂತರ ಚಹಾ ಬೇಡ. ಮೊದಲ ನಾಲ್ಕು ದಿನ ರಾತ್ರಿ ನಿದ್ದೆ ತಡವಾಗಿಯೇ ಬರುತ್ತದೆ, ಹಗಲು ಮಂಕಾಗಿರುತ್ತಾಳೆ, ಸಿಡುಕು ಹೆಚ್ಚುತ್ತದೆ. ಇಲ್ಲಿಯೇ ಕರಗಿ ‘ಇವತ್ತೊಂದು ದಿನ ಮಲಗಲಿ’ ಎಂದರೆ ನಾಲ್ಕು ದಿನದ ಕೆಲಸ ಒಂದೇ ಬೆಳಿಗ್ಗೆಗೆ ಹೋಗುತ್ತದೆ. ಈ ವಯಸ್ಸಿಗೆ ಬೇಕಾದ ನಿದ್ದೆ 8ರಿಂದ 10 ತಾಸು, ಅದರತ್ತ ನಿಧಾನ ಬರುತ್ತಾಳೆ. ಮೆಡಿಕಲ್ ಅಂಗಡಿಯಿಂದ ನಿದ್ದೆ ಗುಳಿಗೆ ಮಾತ್ರ ತರಬೇಡಿ.

ಫೋನಿಗೆ ಹೊಸ ಕರಾರು ಆಗಬೇಕು, ಅಪ್ಪನೂ ಅದರಲ್ಲಿ ಇರಬೇಕು. ಕಸಿದುಕೊಂಡಿದ್ದಕ್ಕೆ ಅವರು ಒಂದು ಮಾತು ಹೇಳಿದರೆ ಎಷ್ಟೋ ಕೆಲಸ ಹಗುರ: ‘ಸಿಟ್ಟಿನ್ಯಾಗ ಕಸಗೊಂಡೆ, ಹಂಗ ಮಾಡಬಾರದಿತ್ತು.’ ಸಾಧ್ಯವಿದ್ದರೆ ವಾರದಲ್ಲಿ ಮೂರು ದಿನ ಅವರು ಸಣ್ಣ ಫೋನ್ ಒಯ್ದು ದೊಡ್ಡದನ್ನು ಹಗಲು ಮನೆಯಲ್ಲಿ ಬಿಡಲಿ. ರಾತ್ರಿ ಈಗ ಮೂರು ಗಂಟೆ ಎಂದರೆ ಮೊದಲ ನಾಲ್ಕು ದಿನ ಒಂದಕ್ಕೆ, ಮುಂದಿನ ನಾಲ್ಕು ದಿನ ಹನ್ನೆರಡಕ್ಕೆ, ಆಮೇಲೆ ಹನ್ನೊಂದಕ್ಕೆ ಫೋನ್ ಅಡುಗೆಮನೆಯ ಚಾರ್ಜರಿಗೆ ಹೋಗಬೇಕು. ಮನೆಯ ಎಲ್ಲ ಫೋನೂ ಅಲ್ಲಿಯೇ. ಪಾಠಕ್ಕೆ ಈ ವರ್ಷ (2021) ಚಂದನ ವಾಹಿನಿಯಲ್ಲಿ 8ರಿಂದ 10ನೇ ತರಗತಿಗೆ ಬರುವ ‘ಸಂವೇದ’ ಇದೆ, ಅದಕ್ಕೆ ಡೇಟಾ ಬೇಡ. ‘ಎಂಟನೆಯದೇ ತಿಳಿದಿಲ್ಲ, ಒಂಬತ್ತು ಹೇಗೆ’ ಎಂಬ ಹೆದರಿಕೆ ಅವಳಿಗಿದ್ದರೆ, ಹಿಂದಿನ ವರ್ಷದ್ದನ್ನು ಮತ್ತೆ ಕಲಿಸುವ ಸೇತುಬಂಧ ಎಲ್ಲರಿಗೂ ಇದೆ ಎಂದು ತಿಳಿಸಿ.

ಮೈಗೆ ಕೆಲಸ ಬೇಕು. ‘ಮನಸ್ಸು ಬಂದರೆ ಆಡುತ್ತೇನೆ’ ಎಂದು ಅವಳು ಹೇಳುತ್ತಾಳೆ. ಖಿನ್ನತೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ, ಕೆಲಸದ ಹಿಂದಿನಿಂದ ಬರುತ್ತದೆ. ಖೋಖೋ ಗೆಳತಿ ಒಬ್ಬಳನ್ನು ಸಂಜೆ ಐದಕ್ಕೆ ಕರೆಸಿ, ಬಯಲಿನಲ್ಲಿ 20 ನಿಮಿಷ ಓಡಿದರೂ ಆಯಿತು. ಒಬ್ಬಳೇ ಸಾಕು, ಗುಂಪು ಬೇಡ.

ಶಾಲೆಯನ್ನು ಒಮ್ಮೆಗೇ 23ಕ್ಕೆ ಎದುರಿಸಬೇಕಿಲ್ಲ. ಈ ಸಲದ ಕೊರೊನಾ ನಿಯಮದಂತೆ ಪೋಷಕರ ಒಪ್ಪಿಗೆ ಪತ್ರ ಬೇಕೇ ಬೇಕು, ಅದನ್ನು ಕೊಡುವ ನೆಪದಲ್ಲಿ 18ರ ಸುಮಾರಿಗೆ ಅವಳನ್ನೂ ಕರೆದುಕೊಂಡು ಹೋಗಿ. ಬರೀ ಗೇಟಿನವರೆಗೆ ಬಂದರೂ ಸರಿ. ಮರುದಿನ ತರಗತಿ ಕೋಣೆಯ ತನಕ. ಕ್ಲಾಸ್ ಟೀಚರಿಗೆ ಮೂರೇ ವಿಷಯ ಹೇಳಿ: ಮನೆಯಲ್ಲಿ ಸಾವಾಗಿದೆ, ಮೊದಲ ವಾರ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುವುದು ಬೇಡ, ಎದೆ ಹೊಡೆದುಕೊಂಡರೆ ಐದು ನಿಮಿಷ ಹೊರಗೆ ನಿಂತು ಬರಲು ಬಿಡಿ. ಮನೆಗೆ ಕಳಿಸಬೇಡಿ ಎಂದೂ ಹೇಳಿ. ಭಯಕ್ಕೆ ಮನೆಗೆ ಓಡಿಬಂದರೆ ಆ ಕ್ಷಣ ಹಾಯೆನಿಸುತ್ತದೆ, ಆ ಹಾಯೇ ಮರುದಿನದ ಭಯವನ್ನು ದೊಡ್ಡದು ಮಾಡುತ್ತದೆ.

ಬೆಳಿಗ್ಗೆ ಹೊಟ್ಟೆನೋವು ಖಂಡಿತ ಬರುತ್ತದೆ. ಅದು ನಾಟಕವಲ್ಲ, ಆತಂಕದಲ್ಲಿ ಕರುಳು ನಿಜವಾಗಿಯೂ ಹಿಂಡುತ್ತದೆ. ನಿಯಮವನ್ನು ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ: ಜ್ವರ, ಕೆಮ್ಮು, ನೆಗಡಿ, ವಾಂತಿ, ಭೇದಿ ಇದ್ದರೆ ಮನೆ, ಬರೀ ನೋವಿದ್ದರೆ ಬಿಸಿನೀರು ಕುಡಿದು ಶಾಲೆ. ಉಸಿರಿನ ಒಂದು ಅಭ್ಯಾಸ ಕಲಿಸಿ: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ. ಹೊಟ್ಟೆಯ ಮೇಲೆ ಕೈಯಿಟ್ಟರೆ ಕೈ ಏರಿ ಇಳಿಯಬೇಕು, ಭುಜ ಏರಬಾರದು. ಇದನ್ನು ನೆಮ್ಮದಿಯ ಹೊತ್ತಿನಲ್ಲಿ ವಾರವಿಡೀ ಮಾಡಿರಬೇಕು. ಭಯ ಬಂದಾಗ ಹೊಸದಾಗಿ ಕಲಿಯಲು ಹೋದರೆ ಆಗುವುದಿಲ್ಲ.

ಡಾಕ್ಟರನ್ನು ನೋಡಲು ಹುಬ್ಬಳ್ಳಿ, ಬೆಂಗಳೂರಿಗೆ ಓಡಬೇಕಿಲ್ಲ. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಕೊರೊನಾ ಕೆಲಸದಿಂದ ದಿನ ಬದಲಾಗಿರಬಹುದು, ಹೊರಡುವ ಮುನ್ನ ಆಶಾ ಕಾರ್ಯಕರ್ತೆಯಿಂದ ಕೇಳಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ, ಮೇಲಿನ ಹಂತಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ರಾತ್ರಿ ಎದೆ ಒಡೆದಂತಾದರೆ ನಿಮ್ಹಾನ್ಸ್ ಸಹಾಯವಾಣಿ 080-46110007 (ಇದು 2021ರ ಸಂಖ್ಯೆ; ಈಗ ಸರ್ಕಾರದ ಟೆಲಿ ಮಾನಸ್ 14416), ಕನ್ನಡದಲ್ಲೇ ಮಾತಾಡಬಹುದು. ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೂ, ಥೈರಾಯಿಡ್ ಕುಗ್ಗಿದ್ದರೂ ಇದೇ ಸುಸ್ತು ಬರುತ್ತದೆ. ಮೇ ತಿಂಗಳಲ್ಲಿ ಅವಳಿಗೂ ಜ್ವರ ಬಂದಿತ್ತೇ ಎಂಬುದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಖಿನ್ನತೆ ಹಗುರವಾಗಿದ್ದರೆ ಕೌನ್ಸೆಲಿಂಗ್ ಮತ್ತು ಮೇಲಿನ ದಿನಚರಿಯಿಂದಲೇ ಎಷ್ಟೋ ಸರಿಹೋಗುತ್ತದೆ. ಗುಳಿಗೆ ಬೇಕಾದರೆ ಈ ವಯಸ್ಸಿಗೆ ಸಾಮಾನ್ಯವಾಗಿ ಮೊದಲು ಬರೆಯುವುದು ಫ್ಲುಆಕ್ಸೆಟಿನ್. ಗುಣ ಕಾಣಲು 4ರಿಂದ 6 ವಾರ ಬೇಕು. ಮೊದಲ ವಾರಗಳಲ್ಲಿ ಚಡಪಡಿಕೆ ಅಥವಾ ಸಾವಿನ ಯೋಚನೆ ಹೆಚ್ಚಿದರೆ ಅದೇ ದಿನ ಡಾಕ್ಟರಿಗೆ ತಿಳಿಸಬೇಕು. ನೆಟ್ಟಗಾದಳೆಂದು ನಿಮ್ಮಷ್ಟಕ್ಕೆ ನಿಲ್ಲಿಸಬಾರದು. ಆ ಗುಳಿಗೆಯೂ ಬೀಗದ ಪೆಟ್ಟಿಗೆಯಲ್ಲೇ ಇರಲಿ, ದಿನದ್ದನ್ನು ನೀವೇ ಕೈಗೆ ಕೊಡಿ. ಊರವರ ಬಗ್ಗೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಮಗಳ ವಿಷಯವನ್ನು ಆಸ್ಪತ್ರೆಯವರು ಹೊರಗೆ ಹೇಳುವಂತಿಲ್ಲ. ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಂತವರು ಯಾವ ಡಾಕ್ಟರಿಗೆ ನಿಂತಿದ್ದಾರೆಂದು ಯಾರಿಗೂ ತಿಳಿಯುವುದೂ ಇಲ್ಲ.

ಕೊನೆಗೆ ಸಣ್ಣವನು. ಒಂದನೇ ತರಗತಿಗೆ ಸೇರಿಸಿದ ವರ್ಷವೇ ಶಾಲೆ ಮುಚ್ಚಿತ್ತು, ಅವನಿಗೆ ಬೆಂಚಿನ ಮೇಲೆ ಕೂತು ಗೊತ್ತೇ ಇಲ್ಲ. ಮನೆಯ ದುಃಖ ಅವನ ಮೈಯಲ್ಲಿ ಹೀಗೆ ಹೊರಬರುತ್ತಿದೆ. ಆದರೂ ಆರು ತಿಂಗಳು ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗುತ್ತಿದ್ದರೆ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಇರಬಹುದು. ನೀರಡಿಕೆ ಬಹಳ, ತೂಕವೂ ಇಳಿಯುತ್ತಿದೆ ಎಂದರೆ ಸಕ್ಕರೆ ಪರೀಕ್ಷೆ ಅದೇ ದಿನ ಆಗಬೇಕು. ಅದೆರಡೂ ಇಲ್ಲದಿದ್ದರೆ ಮಲಗುವ ಎರಡು ತಾಸು ಮುಂಚೆ ನೀರು, ಹಾಲು ಕಡಿಮೆ ಮಾಡಿ, ಮಲಗುವ ಮುನ್ನ ಮೂತ್ರಕ್ಕೆ ಕಳಿಸಿ. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಒದ್ದೆಯಾದ ದಿನ ಅಕ್ಕನ ಎದುರು ಅದರ ಮಾತು ಎತ್ತಬೇಡಿ. ಅವನನ್ನೂ ಅಜ್ಜನನ್ನು ಇಟ್ಟ ಜಾಗಕ್ಕೆ ಕರೆದುಕೊಂಡು ಹೋಗಿ, ‘ಅಜ್ಜ ಮಲಗ್ಯಾನ’ ಅನ್ನದೆ ‘ಅಜ್ಜ ಸತ್ತಾನ, ಮತ್ತ ಬರಂಗಿಲ್ಲ’ ಎಂದೇ ಹೇಳಿ. ಮಲಗಿದ್ದಾನೆ ಎಂದು ಕೇಳಿದ ಏಳು ವರ್ಷದ ಮಗುವಿಗೆ ರಾತ್ರಿ ಕಣ್ಣು ಮುಚ್ಚಲು ಹೆದರಿಕೆಯಾಗುತ್ತದೆ.